ದಿವಾಳಿ: ಪದದ ಅರ್ಥಚರಿತ್ರೆ ಮತ್ತು ಭಂಕೂರ ಪರಿಸರದ ಋಣಸಂಸ್ಕೃತಿ

ಗಡುವು ಬಂದಾಗ ಸಾಲ ತೀರಿಸಲಾರದ ಸ್ಥಿತಿಯನ್ನು, ಇಲ್ಲವೆ ಒಟ್ಟು ಆಸ್ತಿಯ ಬೆಲೆ ಒಟ್ಟು ಸಾಲಕ್ಕಿಂತ ಕಡಿಮೆಯಾದ ಸ್ಥಿತಿಯನ್ನು ಹಣಕಾಸಿನ ಪರಿಭಾಷೆಯಲ್ಲಿ ದಿವಾಳಿ ಎಂದು ಕರೆಯಲಾಗುತ್ತದೆ. ಈ ಎರಡು ಅಳತೆಗಳು ಒಂದೇ ಅಲ್ಲ. ಹತ್ತು ಎಕರೆ ಎರೆಭೂಮಿ ಇದ್ದೂ ಕೈಯಲ್ಲಿ ರೊಕ್ಕವಿಲ್ಲದ ಒಕ್ಕಲಿಗನು ಮೊದಲನೆಯ ಅಳತೆಗೆ ಸಿಕ್ಕುತ್ತಾನೆ, ಎರಡನೆಯದಕ್ಕೆ ಸಿಕ್ಕುವುದಿಲ್ಲ. ಒಂದು ಹುಂಡಿಯಿಂದ ಇನ್ನೊಂದು ಹುಂಡಿಯನ್ನು ತೀರಿಸುತ್ತ ವ್ಯವಹಾರ ನಡೆಸುವ ವ್ಯಾಪಾರಿಯು ಎರಡನೆಯ ಅಳತೆಯಲ್ಲಿ ಎಂದೋ ಮುಳುಗಿದ್ದರೂ ಮೊದಲನೆಯದರಿಂದ ಬಹುಕಾಲ ತಪ್ಪಿಸಿಕೊಂಡಿರಬಲ್ಲನು. ಆಧುನಿಕ ಕಾನೂನು ಈ ಸ್ಥಿತಿಗೆ ಮೂರನೆಯದೊಂದು ಅರ್ಥವನ್ನು ಸೇರಿಸಿತು. ನ್ಯಾಯಾಲಯವು ದಿವಾಳಿಯನ್ನು ಘೋಷಿಸುತ್ತದೆ. ಇರುವ ಆಸ್ತಿಯನ್ನು ಸಾಲ ಕೊಟ್ಟವರಿಗೆ ಹಂಚುತ್ತದೆ. ಪ್ರಾಮಾಣಿಕನೆಂದು ಕಂಡುಬಂದ ಸಾಲಗಾರನನ್ನು ಉಳಿದ ಸಾಲದಿಂದ ಬಿಡುಗಡೆ ಮಾಡುತ್ತದೆ. ಕನ್ನಡದ ಆಡುಬಳಕೆಯಲ್ಲಿ ಮೊದಲೆರಡು ಅರ್ಥಗಳು ಬೇರೂರಿವೆ. ಮೂರನೆಯದು, ಎಂದರೆ ಬಿಡುಗಡೆಯ ಅರ್ಥ, ಬಹುಮಟ್ಟಿಗೆ ಬಂದೇ ಇಲ್ಲ. ದಿವಾಳಿ ಎದ್ದವನೆಂದರೆ ಮುಳುಗಿದವನು, ಮಾನ ಕಳೆದುಕೊಂಡವನು, ಕೆಲವೊಮ್ಮೆ ಮೋಸಗಾರನು. ಸಾಲದಿಂದ ಮುಕ್ತನಾದವನು ಎಂದು ಯಾರೂ ತಿಳಿಯುವುದಿಲ್ಲ.

ಈ ಕೊರತೆಯ ಕಾರಣವನ್ನು ಹುಡುಕಲು ಕಲಬುರಗಿ ಜಿಲ್ಲೆಯ ಭಂಕೂರ ಪರಿಸರವು ತಕ್ಕ ನೆಲೆಯಾಗಿದೆ. ಶಹಾಬಾದಿಗೆ ಹೊಂದಿಕೊಂಡಂತಿರುವ ಈ ಗ್ರಾಮದ ಆಸುಪಾಸಿನಲ್ಲಿ ತೊಗರಿ ಮತ್ತು ಜೋಳದ ಹೊಲಗಳೂ ಫರಸಿ ಕಲ್ಲಿನ ಗಣಿಗಳೂ ಸಿಮೆಂಟಿನ ಕಾರ್ಖಾನೆಗಳೂ ಒಂದರ ಪಕ್ಕ ಒಂದಿವೆ. ವಾಡಿಯ ರೈಲು ಕೂಡುನಿಲ್ದಾಣ ಸಮೀಪದಲ್ಲಿದೆ. ಮಿತಾಕ್ಷರಾ ವ್ಯಾಖ್ಯಾನದ ಕರ್ತೃ ವಿಜ್ಞಾನೇಶ್ವರನ ಊರೆಂದು ಈ ಭಾಗದ ಪರಂಪರೆ ಗುರುತಿಸುವ ಮರತೂರು ಕೂಡ ದೂರವಿಲ್ಲ. ಸಾಲದ ಧರ್ಮಶಾಸ್ತ್ರ, ಸಾಹುಕಾರನ ಖಾತೆ ಮತ್ತು ಕಂಪನಿಯ ದಿವಾಳಿ ಪ್ರಕ್ರಿಯೆ ಈ ಮೂರೂ ಇಷ್ಟು ಹತ್ತಿರ ಹತ್ತಿರ ಸಿಕ್ಕುವ ಪ್ರದೇಶಗಳು ವಿರಳ.

ದಿವಾಳಿ ಎಂಬ ಪದವು ಕನ್ನಡದ್ದಲ್ಲ. ಮರಾಠಿಯ ದಿವಾಳೇ, ಹಿಂದಿ-ಉರ್ದುವಿನ ದಿವಾಲಾ ಎಂಬ ರೂಪಗಳಿಂದ ಅದು ಬಂದಿದೆ. ಇದರ ವ್ಯುತ್ಪತ್ತಿಯ ಬಗ್ಗೆ ವಿವಾದವುಂಟು. ಆದರೂ ದೀಪದೊಡನೆ ಅದಕ್ಕಿರುವ ಸಂಬಂಧವನ್ನು ಹೇಳುವ ಹಳೆಯ ದಾಖಲೆಯೊಂದು ಗಮನಾರ್ಹವಾಗಿದೆ. 1808ರಲ್ಲಿ ಮುಂಬಯಿಯಲ್ಲಿ ಪ್ರಕಟವಾದ ರಾಬರ್ಟ್ ಡ್ರಮಂಡನ ಗುಜರಾತಿ-ಮರಾಠಿ ವ್ಯಾಕರಣ ವಿವರಣೆಯಲ್ಲಿ ಈ ಪದ್ಧತಿಯ ಪ್ರಸ್ತಾಪವಿದೆ. 1886ರ ಹಾಬ್ಸನ್-ಜಾಬ್ಸನ್ ಕೋಶವು ಅದನ್ನು ಎತ್ತಿಕೊಂಡಿದೆ. ಅದರ ಪ್ರಕಾರ, ವ್ಯವಹಾರ ಕುಸಿದ ವರ್ತಕನು ತನ್ನ ಮನೆಯಲ್ಲೋ ಅಂಗಡಿಯಲ್ಲೋ ಉರಿಯುವ ದೀಪವನ್ನಿಟ್ಟು ತಾನು ಕೆಲಕಾಲ ಕಣ್ಮರೆಯಾಗುತ್ತಿದ್ದನು. ಲೆಕ್ಕಪತ್ರಗಳು ಬಯಲಾಗಿ, ಇದ್ದ ಆಸ್ತಿಯ ಪಾಲು ಸಿಕ್ಕು, ಸಾಲ ಕೊಟ್ಟವರು ಸಮಾಧಾನಗೊಳ್ಳುವವರೆಗೆ ಅವನು ಮರಳುತ್ತಿರಲಿಲ್ಲ. ಇಟಲಿಯ ಪೇಟೆಯಲ್ಲಿ ಸೋತ ಲೇವಾದೇವಿಗಾರನ ಮಣೆಯನ್ನು ಮುರಿಯುತ್ತಿದ್ದರೆಂದೂ ಆ ಮುರಿದ ಮಣೆಯಿಂದಲೇ ಇಂಗ್ಲಿಷಿನ ಬ್ಯಾಂಕ್ರಪ್ಟ್ ಎಂಬ ಪದ ಬಂದಿತೆಂದೂ ಹೇಳುವುದುಂಟು. ಅಲ್ಲಿ ಬೇರೆಯವರು ಮಣೆ ಮುರಿಯುತ್ತಾರೆ. ಇಲ್ಲಿ ವರ್ತಕನೇ ದೀಪ ಹಚ್ಚುತ್ತಾನೆ.

ಇದನ್ನು ವಿಚಿತ್ರ ಆಚಾರವೆಂದು ಬದಿಗಿಡುವಂತಿಲ್ಲ. 1920ರ ಪ್ರಾಂತೀಯ ದಿವಾಳಿ ಅಧಿನಿಯಮದ 6ನೆಯ ಕಲಮು ಯಾವ ನಡೆಗಳಿಂದ ದಿವಾಳಿ ಸಿದ್ಧವಾಗುತ್ತದೆ ಎಂಬುದನ್ನು ಹೇಳುತ್ತದೆ. ಸಾಲ ಕೊಟ್ಟವರ ಕೈಗೆ ಸಿಗದಂತೆ ಮನೆಯನ್ನೋ ವ್ಯಾಪಾರದ ಸ್ಥಳವನ್ನೋ ಬಿಟ್ಟುಹೋಗುವುದು ಅವುಗಳಲ್ಲೊಂದು. ಸಾಲ ತೀರಿಸುವುದನ್ನು ನಿಲ್ಲಿಸಿದ್ದೇನೆಂದು ಅವರಿಗೆ ತಿಳಿಸುವುದು ಇನ್ನೊಂದು. ಹಗಲು ಹೊತ್ತಿನಲ್ಲಿ ಅಂಗಡಿಯಲ್ಲಿ ಉರಿಯುವ ದೀಪವು ಪೇಟೆಗೆಲ್ಲ ಕಾಣುವ ತಿಳಿವಳಿಕೆಯೇ ಆಗಿತ್ತು. ಕಾನೂನಿನ ಭಾಷೆ ಬರುವುದಕ್ಕೆ ಮೊದಲೇ ವರ್ತಕ ಸಮುದಾಯವು ಘೋಷಣೆ, ಲೆಕ್ಕತಪಾಸಣೆ, ಪಾಲುಹಂಚಿಕೆ, ಮರುಪ್ರವೇಶ ಎಂಬ ಕ್ರಮವನ್ನು ತನ್ನೊಳಗೆ ರೂಢಿಸಿಕೊಂಡಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆದರೆ ಈ ಕ್ರಮವು ಖಾತೆ-ಕಿರ್ದಿ ಇಟ್ಟವರಿಗೆ, ಪರಸ್ಪರ ಪತ್ತಿನ ಮೇಲೆ ಬದುಕುವವರಿಗೆ ಸೇರಿದ್ದು. ಹೊಲದವನಿಗೆ ದೀಪವಿಡಲು ಅಂಗಡಿಯೇ ಇರಲಿಲ್ಲ.

ಪದವು ಕನ್ನಡಕ್ಕೆ ಬರುವಾಗ ರೂಪದಲ್ಲಿಯೂ ಒಂದು ತೊಡಕು ಉಂಟಾಯಿತು. ಮರಾಠಿಯಲ್ಲಿ ಹಬ್ಬ ದಿವಾಳೀ, ಆರ್ಥಿಕ ಕುಸಿತ ದಿವಾಳೇ. ಹಿಂದಿಯಲ್ಲಿ ದಿವಾಲೀ ಮತ್ತು ದಿವಾಲಾ. ಕೊನೆಯ ಸ್ವರವೊಂದೇ ಸಂಭ್ರಮವನ್ನೂ ಸೋಲನ್ನೂ ಬೇರ್ಪಡಿಸುತ್ತದೆ. ಕನ್ನಡವು ಹಬ್ಬಕ್ಕೆ ದೀಪಾವಳಿ, ದೀವಳಿಗೆ ಎಂಬ ತನ್ನ ರೂಪಗಳನ್ನು ಉಳಿಸಿಕೊಂಡು, ದಿವಾಳಿ ಎಂಬ ಹಬ್ಬದ ರೂಪವನ್ನು ಕುಸಿತಕ್ಕೆ ಕೊಟ್ಟಿತು. ದೀಪಾವಳಿಯ ಪಾಡ್ಯದಂದು ಹೊಸ ಖಾತೆಪುಸ್ತಕಕ್ಕೆ ಪೂಜೆ ಸಲ್ಲಿಸುವ ವರ್ತಕರ ಬಾಯಲ್ಲಿ ಈ ಪದವು ಅಪಶಕುನದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ.

ದಿವಾಳಿ ಒಂದೇ ಈ ಅರ್ಥದ ಪದವೇನೂ ಅಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಪಾಪರ್ ಆಗು, ಪಾಪರ್ ಚೀಟಿ ಎಂಬ ಬಳಕೆಗಳು ಪ್ರಚುರವಾಗಿದ್ದವು. ಇಂಗ್ಲಿಷ್ ಕಾನೂನಿನಲ್ಲಿ ಪಾಪರ್ ಎಂದರೆ ದಿವಾಳಿಯಾದವನಲ್ಲ, ನ್ಯಾಯಾಲಯದ ಶುಲ್ಕ ಕೊಡಲು ಶಕ್ತಿಯಿಲ್ಲದೆ ವಿನಾಯಿತಿ ಬೇಡುವವನು. ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಲ್ಲಿದ್ದ ಆ ಪದವನ್ನು 1976ರ ತಿದ್ದುಪಡಿ ತೆಗೆದುಹಾಕಿ ನಿರ್ಗತಿಕ ಎಂಬರ್ಥದ ಪದವನ್ನಿಟ್ಟಿತು. ಕಾನೂನು ಕೈಬಿಟ್ಟ ಪದವನ್ನು ಜನರು ಬೇರೆ ಅರ್ಥದಲ್ಲಿ ಉಳಿಸಿಕೊಂಡರು. ಮರಾಠಿಯಲ್ಲಿ ಇದೇ ಸ್ಥಾನದಲ್ಲಿ ನಾದಾರ ಎಂಬ ಪಾರಸಿ ಮೂಲದ ಪದವಿದೆ. ಇಲ್ಲದವನು ಎಂಬುದೇ ಅದರ ಮೂಲಾರ್ಥ. ಅದು ಮುಂದೆ ಶಾಲೆಯ ಶುಲ್ಕವಿನಾಯಿತಿಗೂ ಹೆಸರಾಯಿತು. ಬಡತನ ಮತ್ತು ದಿವಾಳಿ ಎಂಬೆರಡನ್ನು ಜನಭಾಷೆ ಬೇರ್ಪಡಿಸಲಿಲ್ಲ. ಕಾನೂನು ಬೇರ್ಪಡಿಸಿತು, ಏಕೆಂದರೆ ದಿವಾಳಿಯಾಗಬೇಕಾದರೆ ಮೊದಲು ಒಬ್ಬನಿಗೆ ಪತ್ತು ಇದ್ದಿರಬೇಕು.

ಇನ್ನು ಕನ್ನಡದ ಋಣಪದಕೋಶವನ್ನು ನೋಡಿದರೆ ಅದರ ಸಮೃದ್ಧಿ ಎದ್ದುಕಾಣುತ್ತದೆ. ಸಾಲ, ಕಡ, ಉದ್ರಿ, ಬಡ್ಡಿ, ಒತ್ತೆ, ಅಡವು, ಜಾಮೀನು, ತಗಾದೆ, ಜಪ್ತಿ ಹೀಗೆ ಕೊಡುವ, ಪಡೆಯುವ, ವಸೂಲು ಮಾಡುವ ಒಂದೊಂದು ಹಂತಕ್ಕೂ ಹೆಸರಿದೆ. ಸಾಲಗಾರ ಎಂಬ ಪದವಂತೂ ಎರಡು ಅಲುಗಿನ ಕತ್ತಿಯಂತಿದೆ. ಸಾಲ ತಂದವನೂ ಸಾಲಗಾರನೇ. ಸಾಲಗಾರರು ಬಾಗಿಲಿಗೆ ಬಂದಿದ್ದಾರೆ ಎಂದಾಗ ಸಾಲ ಕೊಟ್ಟವನೂ ಸಾಲಗಾರನೇ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ವಿಶ್ವಾಮಿತ್ರನ ಪರವಾಗಿ ಸಾಲ ವಸೂಲಿಗೆ ಬೆನ್ನುಹತ್ತುವ ನಕ್ಷತ್ರಿಕನು ಕಾವ್ಯದಿಂದಿಳಿದು ನಾಡಿನ ನುಡಿಗಟ್ಟಾಗಿದ್ದಾನೆ. ಬಿಡದೆ ಕಾಡುವವನ ಕಾಟವು ಇಂದಿಗೂ ನಕ್ಷತ್ರಿಕನ ಕಾಟವೇ. ಹರಿಶ್ಚಂದ್ರನು ರಾಜ್ಯವನ್ನು ಬಿಟ್ಟರೂ ಸಾಲ ಉಳಿಯುತ್ತದೆ; ಹೆಂಡತಿ ಮಗನನ್ನು ಮಾರಿ, ಕೊನೆಗೆ ತನ್ನನ್ನೇ ಮಾರಿಕೊಂಡು ಅವನು ಅದನ್ನು ತೀರಿಸುತ್ತಾನೆ. ಬಯಲಾಟಗಳ ಮೂಲಕ ಹಳ್ಳಿಹಳ್ಳಿಗೆ ತಲುಪಿದ ಈ ಕಥೆಯಲ್ಲಿ ಸತ್ಯದ ಮಹಿಮೆಯನ್ನಷ್ಟೇ ಕಾಣುವುದು ರೂಢಿ. ಸಾಲಕ್ಕೆ ಬಿಡುಗಡೆಯೇ ಇಲ್ಲವೆಂಬ ಲೋಕದೃಷ್ಟಿಯೂ ಅದರಲ್ಲಿದೆ. ವಸೂಲಿಯವನಿಗೆ ಹೆಸರಿಟ್ಟ ಭಾಷೆ ಬಿಡುಗಡೆಯಾದವನಿಗೆ ಹೆಸರಿಡಲಿಲ್ಲ.

ಋಣ ಎಂಬ ಪದವು ಇನ್ನೂ ಆಳಕ್ಕಿಳಿಯುತ್ತದೆ. ಅನ್ನದ ಋಣ, ಮಣ್ಣಿನ ಋಣ, ಋಣಾನುಬಂಧ ಎಂಬಲ್ಲಿ ಅದು ಸಂಬಂಧದ ಹೆಸರು. ಒಬ್ಬರು ತೀರಿಕೊಂಡಾಗ ಋಣ ತೀರಿತೆನ್ನುತ್ತಾರೆ. ಅರ್ಥಾತ್ ಋಣ ತೀರುವುದು ಸಾವಿನಲ್ಲಿ. ಅಲ್ಲಿಯೂ ತೀರದಿದ್ದರೆ ಸಾಲ ಕೊಟ್ಟವನ ಮನೆಯಲ್ಲಿ ಎತ್ತಾಗಿ ಹುಟ್ಟಿ ದುಡಿದು ತೀರಿಸಬೇಕೆಂಬ ನಂಬಿಕೆ ಭಾರತದಾದ್ಯಂತ ವ್ಯಾಪಿಸಿದೆ. ಇಂತಹ ನಂಬಿಕೆಯ ನೆಲದಲ್ಲಿ ನ್ಯಾಯಾಧೀಶನ ಒಂದು ಆದೇಶದಿಂದ ಸಾಲ ಹರಿದುಹೋಗುವುದೆಂಬ ಕಲ್ಪನೆ ಸುಲಭವಾಗಿ ಬೇರುಬಿಡುವಂತಹದಲ್ಲ.

ಧರ್ಮಶಾಸ್ತ್ರವು ಈ ನಂಬಿಕೆಯನ್ನು ವ್ಯವಹಾರಕ್ಕೆ ಇಳಿಸಿದ ಬಗೆಯನ್ನು ಮಿತಾಕ್ಷರಾದಲ್ಲಿ ಕಾಣಬಹುದು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಹನ್ನೊಂದನೆಯ ಶತಮಾನದ ಕೊನೆಯ ಭಾಗದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಬರೆದ ಈ ವ್ಯಾಖ್ಯಾನವು ದಾಯಭಾಗದ ವಿಚಾರಕ್ಕೆ ಪ್ರಸಿದ್ಧವಾಗಿದೆ. ಅದರ ಋಣಾದಾನ ಪ್ರಕರಣವನ್ನು ಗಮನಿಸಿದವರು ಕಡಿಮೆ. ಅಲ್ಲಿ ಸಾಲ ಕೊಟ್ಟವನು ಉತ್ತಮರ್ಣ, ತಂದವನು ಅಧಮರ್ಣ. ತೀರಿಸಲಾರದಷ್ಟು ಸೋತವನಿಗೆ ಪರಿಕ್ಷೀಣ ಎಂಬ ಪದವಿದೆ. ಇಂದಿನ ದಿವಾಳಿಗೆ ತೀರ ಸಮೀಪದ ಸಂಸ್ಕೃತ ಪದವಿದು. ಪರಿಕ್ಷೀಣನಾದವನು ಕೆಳಜಾತಿಯವನಾದರೆ ಸಾಲಕ್ಕೆ ಬದಲಾಗಿ ಅವನಿಂದ ಕೆಲಸ ಮಾಡಿಸಿಕೊಳ್ಳಬೇಕು. ಬ್ರಾಹ್ಮಣನಾದರೆ ಆದಾಯ ಬಂದಂತೆ ಮೆಲ್ಲಮೆಲ್ಲನೆ ಕೊಡಿಸಬೇಕು ಎಂಬುದು ಸ್ಮೃತಿಯ ವಿಧಿ. ಇಬ್ಬರಿಗೂ ಬಿಡುಗಡೆಯಿಲ್ಲ. ಆದರೆ ಒಬ್ಬನಿಗೆ ಕಂತು, ಇನ್ನೊಬ್ಬನಿಗೆ ದುಡಿಮೆ. ಜೀತಪದ್ಧತಿಯ ಬೇರನ್ನು ಹುಡುಕುವವರು ಈ ಒಂದು ವಿಧಿಯನ್ನು ಮರೆಯುವಂತಿಲ್ಲ.

ಅನೇಕರಿಗೆ ಸಾಲ ತೀರಿಸಬೇಕಾದಾಗ ಯಾರಿಗೆ ಮೊದಲು ಎಂಬ ಪ್ರಶ್ನೆಗೂ ಅಲ್ಲಿ ಉತ್ತರವಿದೆ. ಸಾಮಾನ್ಯವಾಗಿ ಸಾಲ ತಂದ ಅನುಕ್ರಮದಲ್ಲಿ ತೀರಿಸಬೇಕು. ಉತ್ತಮರ್ಣರು ಬೇರೆಬೇರೆ ವರ್ಣದವರಾದರೆ ಮೊದಲು ಬ್ರಾಹ್ಮಣನಿಗೆ, ಅನಂತರ ರಾಜನಿಗೆ. ಬಡ್ಡಿಯ ಮೇಲ್ಮಿತಿಯೂ ಇದೆ. ಚಿನ್ನ ಎರಡರಷ್ಟು, ಧಾನ್ಯ ಮೂರರಷ್ಟು, ಬಟ್ಟೆ ನಾಲ್ಕರಷ್ಟು, ಎಣ್ಣೆ ತುಪ್ಪಗಳಂತಹ ದ್ರವಗಳು ಎಂಟರಷ್ಟರವರೆಗೆ ಬೆಳೆಯಬಹುದು, ಅದಕ್ಕಿಂತ ಹೆಚ್ಚಲ್ಲ. ಬಡ್ಡಿ ಅಸಲನ್ನು ಮೀರಬಾರದೆಂಬ ದಾಮದುಪಟ ನಿಯಮವನ್ನು ರೈತರಕ್ಷಣೆಯ ನಿಯಮವೆಂದು ಹೊಗಳುವುದುಂಟು. ಕಾಳಿನ ಸಾಲ ತಂದವನಿಗೆ ಅದು ಮೂರರಷ್ಟರವರೆಗೆ ಸಡಿಲವಾಗಿತ್ತೆಂಬುದನ್ನೂ ಜೊತೆಗೆ ಹೇಳಬೇಕು. ಬಿತ್ತನೆಗೆ ಕಾಳು ತರುವವನು ವರ್ತಕನಲ್ಲ.

ಜಾನಪದ ವಿದ್ವಾಂಸರಿಗೆ ಕುತೂಹಲಕರವಾದ ವಿಧಿ ಇನ್ನೊಂದಿದೆ. ಗಂಡನ ಸಾಲಕ್ಕೆ ಹೆಂಡತಿಯೂ ಹೆಂಡತಿಯ ಸಾಲಕ್ಕೆ ಗಂಡನೂ ಸಾಮಾನ್ಯವಾಗಿ ಹೊಣೆಯಲ್ಲ. ಆದರೆ ಗೊಲ್ಲ, ಹೆಂಡ ಮಾರುವವ, ನಟ, ಅಗಸ, ಬೇಡ ಇವರ ಹೆಂಡಿರು ಮಾಡಿದ ಸಾಲವನ್ನು ಗಂಡಂದಿರು ತೀರಿಸಬೇಕು. ಏಕೆಂದರೆ ಅವರ ಬದುಕು ಹೆಂಡಿರ ದುಡಿಮೆಯನ್ನು ಅವಲಂಬಿಸಿದೆ. ದುಡಿಯುವ ಜಾತಿಗಳ ಹೆಣ್ಣು ಸಾಲ ತರುತ್ತಿದ್ದಳು, ವ್ಯವಹಾರ ಮಾಡುತ್ತಿದ್ದಳು ಎಂಬುದಕ್ಕೆ ಶಾಸ್ತ್ರವೇ ನುಡಿದ ಸಾಕ್ಷ್ಯವಿದು.

ತಂದೆಯ ಸಾಲವನ್ನು ಮಗ ತೀರಿಸುವುದು ಧರ್ಮಬಾಧ್ಯತೆ. ಕುಡಿತ, ಕಾಮ, ಜೂಜುಗಳ ಸಾಲವನ್ನೂ ತಂದೆ ಕೊಡದೆ ಉಳಿಸಿದ ದಂಡ-ಸುಂಕಗಳನ್ನೂ ಮಗ ಕೊಡಬೇಕಾಗಿಲ್ಲ, ಉಳಿದುದಕ್ಕೆ ಹೊಣೆ. ಹಿಂದೂ ಅವಿಭಕ್ತ ಕುಟುಂಬದ ಈ ಬಾಧ್ಯತೆಯನ್ನು ಬ್ರಿಟಿಷ್ ನ್ಯಾಯಾಲಯಗಳೂ ಸ್ವತಂತ್ರ ಭಾರತದ ನ್ಯಾಯಾಲಯಗಳೂ ಮಾನ್ಯಮಾಡುತ್ತ ಬಂದವು. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯು ಅಂದಿನಿಂದ ಮುಂದಿನ ಸಾಲಗಳಿಗೆ ಇದನ್ನು ಕೊನೆಗೊಳಿಸಿತು. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ತಿದ್ದುಪಡಿಯೆಂದೇ ಅದು ಖ್ಯಾತವಾಗಿದೆ. ಗಂಡುಮಕ್ಕಳ ತಲೆಯ ಮೇಲಿಂದ ಒಂಬೈನೂರು ವರ್ಷಗಳ ವ್ಯಾಖ್ಯಾನದ ಹೊರೆಯೊಂದನ್ನು ಅದೇ ತಿದ್ದುಪಡಿ ಇಳಿಸಿತೆಂಬುದು ಚರ್ಚೆಗೆ ಬಂದಿಲ್ಲ.

ಆಸಫಜಾಹಿ ಆಳ್ವಿಕೆಯ ಕಾಲಕ್ಕೆ ಬಂದರೆ, ಒಕ್ಕಲಿಗನಿಗಿಂತ ಮೊದಲು ರಾಜ್ಯವೇ ಪರಿಕ್ಷೀಣವಾಗಿದ್ದುದು ಕಾಣುತ್ತದೆ. ಹೈದರಾಬಾದಿನಲ್ಲಿ 1814ರಲ್ಲಿ ಆರಂಭವಾದ ವಿಲಿಯಂ ಪಾಮರ್ ಅಂಡ್ ಕಂಪನಿಯು ನಿಜಾಮ ಸರ್ಕಾರಕ್ಕೆ ಭಾರಿ ಬಡ್ಡಿಯ ಸಾಲ ಕೊಟ್ಟಿತು. ಉತ್ತರ ಸರ್ಕಾರಗಳಿಗಾಗಿ ಈಸ್ಟ್ ಇಂಡಿಯಾ ಕಂಪನಿಯು ನಿಜಾಮನಿಗೆ ಕೊಡುತ್ತಿದ್ದ ಪೇಷ್ಕಷನ್ನು ಶಾಶ್ವತವಾಗಿ ಬಿಡಿಸಿಕೊಂಡು, ಅದರ ಹಣದಿಂದ ಈ ಸಾಲವನ್ನು ತೀರಿಸಲಾಯಿತು. ಅನಂತರ 1824ರಲ್ಲಿ ಪಾಮರ್ ಕಂಪನಿಯೂ ದಿವಾಳಿಯಾಯಿತು. 1853ರಲ್ಲಿ ಸೈನ್ಯದ ವೆಚ್ಚದ ಬಾಕಿಗಾಗಿ ವರ್ಹಾಡ, ಧಾರಾಶಿವಗಳೊಡನೆ ರಾಯಚೂರು ದೋಆಬನ್ನೂ ನಿಜಾಮನು ಬ್ರಿಟಿಷರಿಗೆ ವಹಿಸಬೇಕಾಯಿತು; ದೋಆಬು ಹಿಂದಿರುಗಿದ್ದು 1860ರಲ್ಲಿ. ಕನ್ನಡ ಸೀಮೆಯೊಂದು ಏಳು ವರ್ಷ ಒತ್ತೆಯಿದ್ದಂತಾಯಿತು. ನೆರೆಯ ಸುರಪುರ ಸಂಸ್ಥಾನದ ಆಡಳಿತವು 1840ರ ದಶಕದಲ್ಲಿ ಮೆಡೋಸ್ ಟೇಲರನ ಕೈಸೇರಿದ ಹಿನ್ನೆಲೆಯಲ್ಲಿಯೂ ನಜರಾಣೆಯ ಬಾಕಿ ಮತ್ತು ಸಾಲಗಳಿದ್ದವು. ರಾಜ್ಯಗಳ ದಿವಾಳಿಯಲ್ಲಿ ನೆಲ ಕೈಬದಲಾಗುತ್ತಿತ್ತು; ಅದರ ಹೊರೆ ಕಂದಾಯವಾಗಿ ಕೆಳಕ್ಕಿಳಿಯುತ್ತಿತ್ತು.

1871ರಲ್ಲಿ ಮುಂಬಯಿ-ಮದ್ರಾಸು ರೈಲುಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಮಾರ್ಗ ತೆರೆಯಿತು. ಈ ಭಾಗದ ಕಾಳುಕಡಿ, ಫರಸಿ ಕಲ್ಲುಗಳು ದೂರದ ಪೇಟೆಗಳಿಗೆ ಹೋಗತೊಡಗಿದವು. ಅಡತಿ ಅಂಗಡಿ, ಹುಂಡಿ, ಮುನೀಮನ ಖಾತೆಗಳು ಬೆಳೆದವು. ರೈಲಿನೊಡನೆ ಬಂದ ಬ್ರಿಟಿಷ್ ಕಲ್ದಾರ ರೂಪಾಯಿ ಮತ್ತು ನಿಜಾಮನ ಹಾಲಿ ಸಿಕ್ಕಾಗಳ ನಡುವಿನ ಬಟ್ಟಾ, ಸ್ಥೂಲವಾಗಿ 6 ಕಲ್ದಾರಕ್ಕೆ 7 ಹಾಲಿ, ಸಾಲದ ಲೆಕ್ಕಕ್ಕೆ ಇನ್ನೊಂದು ಗಂಟು ಹಾಕಿತು. 1880ರ ದಶಕದಲ್ಲಿ ಆಡಳಿತದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದ ಮೇಲೆ ಕುರ್ಕಿ, ಡಿಕ್ರಿ, ದಿವಾಲಿಯಾ ಎಂಬ ಪದಗಳು ಕಚೇರಿಯಿಂದ ಊರಿಗಿಳಿದವು. ಕಚೇರಿಯ ಭಾಷೆ ಉರ್ದು, ಖಾತೆಯ ಭಾಷೆ ಹಲವೆಡೆ ಮರಾಠಿ ಅಥವಾ ಮಾರವಾಡಿ, ಹೆಬ್ಬೆಟ್ಟು ಒತ್ತುವವನ ಭಾಷೆ ಕನ್ನಡ. ತನ್ನ ಸಾಲ ಎಷ್ಟೆಂಬುದೇ ಓದಿ ತಿಳಿಯದವನಿಗೆ ದಿವಾಳಿಯ ಅರ್ಜಿ ಬರೆಸುವುದು ದೂರದ ಮಾತು.

ಗಡಿಯಾಚೆ ಸೊಲ್ಲಾಪುರ ಮೊದಲಾದ ನಾಲ್ಕು ಜಿಲ್ಲೆಗಳಲ್ಲಿ, 1875ರ ದಖ್ಖನಿನ ದಂಗೆಗಳ ಬಳಿಕ, 1879ರ ದಖ್ಖನ್ ಕೃಷಿಕರ ಪರಿಹಾರ ಅಧಿನಿಯಮ ಬಂದಿತು. ಒಕ್ಕಲಿಗನೂ ಕೇವಲ 50 ರೂಪಾಯಿ ಸಾಲಕ್ಕೆ ದಿವಾಳಿಯ ರಕ್ಷಣೆ ಕೋರಬಹುದೆಂಬ ಅವಕಾಶ ಅದರಲ್ಲಿತ್ತು. ದಿವಾಳಿಯನ್ನು ಅಂಗಡಿಯಿಂದ ಹೊಲಕ್ಕೆ ತರುವ ಮೊದಲ ಯತ್ನವೆಂದು ಅದನ್ನು ಪರಿಗಣಿಸಬಹುದು. ನಿಜಾಮ ಸೀಮೆಗೆ ಅದು ಅನ್ವಯಿಸಲಿಲ್ಲ. ಎಸ್. ಕೇಶವ ಅಯ್ಯಂಗಾರರು 1929-30ರಲ್ಲಿ ಹೈದರಾಬಾದ್ ಸಂಸ್ಥಾನದ ಹಳ್ಳಿಗಳಲ್ಲಿ ನಡೆಸಿದ ಆರ್ಥಿಕ ಸಮೀಕ್ಷೆಗಳು ಸಾಲದ ಪ್ರಮಾಣವನ್ನು ಸರ್ಕಾರದ ಮುಂದಿಟ್ಟವು. ಆ ದಶಕದ ಉತ್ತರಾರ್ಧದಲ್ಲಿ ಭೂಪರಭಾರೆ ತಡೆ, ಲೇವಾದೇವಿ ನಿಯಂತ್ರಣ, ಸಾಲ ಸಂಧಾನ, ಭಾಗೇಲಾ ಎಂಬ ಜೀತದ ಕರಾರುಗಳ ನಿಯಂತ್ರಣ ಇವುಗಳಿಗೆ ಕಾನೂನುಗಳು ಬಂದವು. ಅವು ಹಳ್ಳಿಯ ಕಟ್ಟೆಗೆ ಎಷ್ಟು ತಲುಪಿದವೆಂಬುದು ಬೇರೆಯೇ ವಿಚಾರ. ಜೀತ ಉಳಿದೇ ಇತ್ತು.

ಜೀತವು ದಿವಾಳಿಯ ವಿರುದ್ಧಪದವೆಂದರೆ ತಪ್ಪಾಗದು. ದಿವಾಳಿಯಲ್ಲಿ ಆಸ್ತಿ ಹೋಗಿ ಮನುಷ್ಯ ಉಳಿಯುತ್ತಾನೆ. ಜೀತದಲ್ಲಿ ಕೊಡಲು ಆಸ್ತಿಯಿಲ್ಲದ್ದರಿಂದ ಮನುಷ್ಯನೇ ಆಸ್ತಿಯಾಗುತ್ತಾನೆ. 1975ರ ಅಕ್ಟೋಬರಿನ ಸುಗ್ರೀವಾಜ್ಞೆ ಮತ್ತು 1976ರ ಅಧಿನಿಯಮಗಳು ಜೀತಪದ್ಧತಿಯನ್ನು ರದ್ದುಗೊಳಿಸಿ ಅದರ ಹಿಂದಿನ ಸಾಲವನ್ನೂ ಅಳಿಸಿದವು. ದೇವರಾಜ ಅರಸರ ಸರ್ಕಾರವು 1976ರಲ್ಲಿ ಋಣಪರಿಹಾರ ಅಧಿನಿಯಮವನ್ನು ತಂದಿತು. ಭೂಹೀನ ಕೃಷಿಕಾರ್ಮಿಕರು, ಸಣ್ಣ ರೈತರು ಮತ್ತು ದುರ್ಬಲ ವರ್ಗದವರ ಖಾಸಗಿ ಸಾಲಗಳಿಗಾಗಿ ಅಂತಹದೇ ಮತ್ತೊಂದು ಕಾನೂನು 2019ರ ಜುಲೈಯಲ್ಲಿ ಜಾರಿಗೆ ಬಂದು ಋಣಮುಕ್ತ ಕಾಯ್ದೆಯೆಂದು ಹೆಸರಾಯಿತು. ಕನ್ನಡದಲ್ಲಿ ಬಿಡುಗಡೆಗೆ ಕೊನೆಗೂ ಋಣಮುಕ್ತಿ, ಸಾಲಮನ್ನಾ ಎಂಬ ಹೆಸರುಗಳು ಸಿಕ್ಕಿದವು. ಆದರೆ ಇವು ಸರ್ಕಾರ ಆಗೊಮ್ಮೆ ಈಗೊಮ್ಮೆ ನೀಡುವ ಉಪಕಾರದ ಹೆಸರುಗಳು. ದಿವಾಳಿ ಎಂಬುದು ಕಾನೂನಿನಂತೆ ಸಾಲಗಾರನು ತಾನಾಗಿಯೇ ಕೇಳಬಹುದಾದ ಹಕ್ಕು. ಹಕ್ಕಿನ ಪದಕ್ಕೆ ಅಪಮಾನ ಅಂಟಿತು, ಉಪಕಾರದ ಪದಕ್ಕೆ ಅಂಟಲಿಲ್ಲ. ಪತ್ರಿಕಾಭಾಷೆ ನೈತಿಕ ದಿವಾಳಿತನ, ಬೌದ್ಧಿಕ ದಿವಾಳಿತನ ಎಂಬ ಬೈಗುಳಗಳನ್ನು ಟಂಕಿಸಿ ಈ ಅಪಮಾನವನ್ನು ಇನ್ನಷ್ಟು ಗಟ್ಟಿಗೊಳಿಸಿದೆ.

ಅಪಮಾನವಿಲ್ಲದೆ ದಿವಾಳಿಯಾಗಬಲ್ಲದ್ದು ಕಂಪನಿಯೊಂದೇ. ಶಹಾಬಾದ್ ಸಿಮೆಂಟ್ ಕಂಪನಿಯು 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ರಚನೆಯಾದಾಗ ಅದರಲ್ಲಿ ಲೀನವಾಯಿತು. ಮುಂದಿನ ದಶಕಗಳಲ್ಲಿ ಶಹಾಬಾದಿನ ಕಾರ್ಖಾನೆಗಳು ಒಡೆಯರನ್ನು ಬದಲಿಸುತ್ತ ಹೋದವು. ಶಹಾಬಾದಿನಲ್ಲಿ ಸಿಮೆಂಟ್ ಘಟಕ ಹೊಂದಿದ್ದ ಜೇಪೀ ಸಮೂಹದ ಮುಖ್ಯ ಕಂಪನಿಯಾದ ಜೈಪ್ರಕಾಶ್ ಅಸೋಸಿಯೇಟ್ಸ್ ಮೇಲೆ 2024ರ ಜೂನ್ 3ರಂದು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಅಲಹಾಬಾದ್ ಪೀಠವು ದಿವಾಳಿ ಪ್ರಕ್ರಿಯೆಗೆ ಆದೇಶಿಸಿತು. ಸಾಲ ಕೊಟ್ಟವರು ಮಂಡಿಸಿದ ಹಕ್ಕುಗಳು ಐವತ್ತು ಸಾವಿರ ಕೋಟಿ ರೂಪಾಯಿಗಳನ್ನು ಮೀರಿದ್ದವು. 2016ರ ಸಂಹಿತೆಯ ಕೆಳಗೆ ಇಂತಹ ಕಂಪನಿ ಹೊಸ ಒಡೆಯನ ಕೈಯಲ್ಲಿ, ಹಳೆಯ ಸಾಲದ ಬಹುಭಾಗವನ್ನು ಕಳಚಿಕೊಂಡು, ಮತ್ತೆ ಎದ್ದುನಿಲ್ಲಬಹುದು. ಕಂಪನಿಯನ್ನು ಮುಚ್ಚಿ ಆಸ್ತಿ ಮಾರಬೇಕಾಗಿ ಬಂದರೆ ಹಣ ಹಂಚುವ ಅನುಕ್ರಮವನ್ನು ಅದರ 53ನೆಯ ಕಲಮು ಹೇಳುತ್ತದೆ. ಪ್ರಕ್ರಿಯೆಯ ವೆಚ್ಚದ ನಂತರ, ಭದ್ರತೆಯಿರುವ ಸಾಲದಾತರೊಡನೆ ಸಮಾನವಾಗಿ ಕಾರ್ಮಿಕರ 24 ತಿಂಗಳ ಬಾಕಿ. ಸರ್ಕಾರದ ಬಾಕಿಗೆ ಅದಕ್ಕಿಂತ ಎಷ್ಟೋ ಕೆಳಗಿನ ಸ್ಥಾನ. ಯಾಜ್ಞವಲ್ಕ್ಯನ ಸಾಲಿನಲ್ಲಿ ರಾಜನು ಎರಡನೆಯವನು, ದುಡಿಯುವವನು ಸಾಲ ಕೊಟ್ಟವರ ಲೆಕ್ಕದಲ್ಲಿಯೇ ಇರಲಿಲ್ಲ. ಈ ಅದಲುಬದಲು ಸಣ್ಣದಲ್ಲ. ಆದರೆ ಗುತ್ತಿಗೆದಾರನ ಮೂಲಕ ದುಡಿದವನು ಈ 24 ತಿಂಗಳ ಬಾಕಿಯನ್ನು ದಾಖಲೆಸಮೇತ ಸಾಧಿಸುವುದು ಹೆಬ್ಬೆಟ್ಟಿನ ಕಾಲದಷ್ಟೇ ಕಠಿಣವಾಗಿದೆ.

ಈ ಸಂಹಿತೆಯ ಹಿಂದಿ ಹೆಸರಿನಲ್ಲಿ ದಿವಾಲಾ ಮತ್ತು ಶೋಧನ ಅಕ್ಷಮತಾ ಎಂಬೆರಡು ಪದಗಳಿವೆ. ಎರಡನೆಯದರ ಅರ್ಥ ತೀರಿಸುವ ಶಕ್ತಿಯಿಲ್ಲದಿರುವುದು, ಎಂದರೆ ಮತ್ತೆ ದಿವಾಳಿಯೇ. ಕನ್ನಡ ಪತ್ರಿಕೆಗಳು ಈ ಗೋಜಿಗೆ ಹೋಗದೆ ದಿವಾಳಿ ಸಂಹಿತೆ ಎಂದಷ್ಟೇ ಬರೆಯುತ್ತ ಬಂದಿವೆ. ಸಂಹಿತೆಯ ಮೂರನೆಯ ಭಾಗದಲ್ಲಿ ವ್ಯಕ್ತಿಗಳ ದಿವಾಳಿಗೂ ಹೊಸ ವ್ಯವಸ್ಥೆಯಿದೆ. ಆದರೆ ಆ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ಖಾತರಿ ನಿಂತ ವ್ಯಕ್ತಿಗಳಿಗೆ ಮಾತ್ರ ಜಾರಿಗೆ ಬಂದಿದೆ. ಭಂಕೂರದ ಗಣಿಕಾರ್ಮಿಕನೋ ತೊಗರಿ ಬೆಳೆಗಾರನೋ ದಿವಾಳಿ ಘೋಷಣೆ ಕೋರಬೇಕಾದರೆ ಅವನು ನೋಡಬೇಕಾದದ್ದು 1920ರ ಹಳೆಯ ಅಧಿನಿಯಮವನ್ನೇ. ಅದರ 10ನೆಯ ಕಲಮಿನಲ್ಲಿ ಸಾಲಗಾರನು ತಾನೇ ಅರ್ಜಿ ಹಾಕಿಕೊಳ್ಳಲು ಇರಬೇಕಾದ ಸಾಲದ ಮೊತ್ತವನ್ನು 500 ರೂಪಾಯಿಗಳೆಂದು ಗೊತ್ತುಮಾಡಲಾಗಿದೆ.